ಹೋಂಸ್ಟೇ ಲಾನಿನ ಫೆಸ್ಕ್ಯೂ, ರೈಗ್ರಾಸ್ ಕತ್ತರಿಸಿ ಹಸುವಿಗೆ ಹಾಕಬಹುದೇ? (ಹುಲ್ಲಿನೊಳಗಿನ ಶಿಲೀಂಧ್ರ ಮತ್ತು ಅದರ ವಿಷ)

ಮಕ್ಕಂದೂರು_ತೋಟ

ಮಡಿಕೇರಿ ಸುತ್ತಮುತ್ತ ಹೋಂಸ್ಟೇ, ಎಸ್ಟೇಟ್ ಬಂಗಲೆಗಳ ಅಂಗಳಕ್ಕೆ ಆನ್‌ಲೈನಿನಲ್ಲಿ ತರಿಸಿದ ಟಾಲ್ ಫೆಸ್ಕ್ಯೂ, ಪೆರೆನಿಯಲ್ ರೈಗ್ರಾಸ್ ಬೀಜ ಬಿತ್ತುವವರಿದ್ದಾರೆ. ಮಳೆ ಬಿಟ್ಟ ಮೇಲೆ ಮಷೀನ್ ಹೊಡೆದರೆ ಮೂಟೆಗಟ್ಟಲೆ ಹಸಿಹುಲ್ಲು ಬರುತ್ತದೆ, ಅದು ಪಕ್ಕದ ಕೊಟ್ಟಿಗೆಗೆ ಹೋಗುತ್ತದೆ. ಕೆಲವು ಪ್ಯಾಕೆಟ್ಟಿನ ಮೇಲೆ ‘ಎಂಡೋಫೈಟ್ ಎನ್‌ಹ್ಯಾನ್ಸ್ಡ್’ ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿರುತ್ತದೆ. ಅಂದರೆ ಏನು? ಹುಲ್ಲು ಹಚ್ಚಗೆ ಚೆನ್ನಾಗಿದ್ದರೂ ಒಳಗೆ ವಿಷ ಇರಬಹುದೇ? ಎಷ್ಟು ಹಾಕಿದರೆ ತೊಂದರೆ? ನಮ್ಮ ಬಾಣೆಯ (ಗದ್ದೆಗೆ ಸೇರಿದ ಮೇವಿನ ಜಾಗ) ಹುಲ್ಲಿನಲ್ಲೂ ಇದು ಇದೆಯೇ? ‘ಫಾರಿನ್ ಹುಲ್ಲೆಲ್ಲ ವಿಷ’ ಎಂಬ ವಾಟ್ಸ್ಆ್ಯಪ್ ಮಾತು ಬೇಡ, ವಿಷಯ ಗೊತ್ತಿರುವವರು ಬರೆಯಿರಿ.

ಹುಲ್ಲುಗಾವಲು

ಪ್ಯಾಕೆಟ್ಟಿನ ಮೇಲೆ ಹಾಗೆ ಬರೆದಿದ್ದರೆ ಆ ಲಾನಿನ ಹುಲ್ಲು ಕೊಟ್ಟಿಗೆಗೆ ಬೇಡ. ಕಾರಣ ಸ್ವಲ್ಪ ಉದ್ದವಿದೆ.

ಎಂಡೋಫೈಟ್ ಎಂದರೆ ಗಿಡದೊಳಗೇ ಬಾಳುವ ಜೀವಿ. ಈ ಎರಡು ಹುಲ್ಲುಗಳಲ್ಲಿ ಅದು ಎಪಿಕ್ಲೋಯಿ ಎಂಬ ಕುಲದ ಶಿಲೀಂಧ್ರ. ಹಳೆಯ ಪುಸ್ತಕಗಳಲ್ಲಿ ಅಕ್ರಿಮೋನಿಯಂ ಎಂದಿರುತ್ತದೆ, ಆಮೇಲಿನವುಗಳಲ್ಲಿ ನಿಯೋಟೈಫೋಡಿಯಂ. ಮೂರೂ ಒಂದೇ ಎಂದುಕೊಂಡು ಓದಿ. ಅದು ಗಿಡದ ಜೀವಕೋಶವನ್ನು ತೂತು ಮಾಡಿ ಒಳಗೆ ಹೋಗುವುದಿಲ್ಲ. ಕೋಶ ಕೋಶಗಳ ನಡುವಿನ ಸಂದಿಯಲ್ಲಿ ಎಳೆಎಳೆಯಾಗಿ ಉದ್ದಕ್ಕೆ ಓಡುತ್ತದೆ. ಎಲೆ ಬುಡದಿಂದ ಮೇಲಕ್ಕೆ ಬೆಳೆದಂತೆ ಶಿಲೀಂಧ್ರದ ಎಳೆಯೂ ಅದರ ಜೊತೆಗೇ ಉದ್ದವಾಗುತ್ತದೆ. ಬೇರಿನಲ್ಲಿ ಇಲ್ಲವೆಂದೇ ಹೇಳಬಹುದು, ಎಲೆಯ ಅಗಲದ ಭಾಗದಲ್ಲಿ ಕಡಿಮೆ, ಬುಡದಲ್ಲಿ ತೆಂಡೆಯನ್ನು (ಬುಡದಿಂದ ಒಡೆದ ಕವಲನ್ನು) ಸುತ್ತಿಕೊಂಡಿರುವ ಎಲೆಕವಚದಲ್ಲಿ ಹೆಚ್ಚು. ತೆನೆ ಕಟ್ಟಿದಾಗ ಕಾಳಿಗೆ ಸೇರಿಕೊಂಡು ಮುಂದಿನ ತಲೆಮಾರಿಗೆ ಹೋಗುತ್ತದೆ. ಈ ಎರಡು ಹುಲ್ಲಿನಲ್ಲಿ ಇದು ಹರಡುವ ದಾರಿ ಬೀಜವೊಂದೇ. ಗಾಳಿಯಲ್ಲಿ ಹಾರಿ ಪಕ್ಕದ ಗಿಡಕ್ಕೆ ಹತ್ತುವುದಿಲ್ಲ. ಎಲೆಯ ಮೇಲೆ ಚುಕ್ಕೆ, ಬೂಷ್ಟು, ಹಳದಿ ಬಣ್ಣ ಯಾವುದೂ ಕಾಣುವುದಿಲ್ಲ. ಕಣ್ಣಿಗೆ ಗೊತ್ತಾಗದಿರುವುದೇ ಇದರ ಕಷ್ಟ.

ಹುಲ್ಲು ಶಿಲೀಂಧ್ರಕ್ಕೆ ಊಟ, ವಸತಿ ಕೊಡುತ್ತದೆ. ಅದಕ್ಕೆ ಪ್ರತಿಯಾಗಿ ಶಿಲೀಂಧ್ರ ಹುಲ್ಲನ್ನು ತಿನ್ನಲು ಬಂದವರನ್ನು ದೂರ ಇಡುವ ಆಲ್ಕಲಾಯ್ಡ್ ಎಂಬ ಸಾರಜನಕವಿರುವ ರಾಸಾಯನಿಕಗಳನ್ನು ತಯಾರಿಸುತ್ತದೆ. ಮುಖ್ಯವಾದವು ನಾಲ್ಕು. ಎರ್ಗೋವ್ಯಾಲಿನ್ ದನ, ಕುರಿ, ಕುದುರೆಗಳಿಗೆ ಹೊಡೆತ. ಲೋಲಿಟ್ರೆಂ ಬಿ ನಡುಕ ತರುತ್ತದೆ. ಪೆರಮಿನ್ ಮತ್ತು ಲೋಲಿನ್ ಎರಡೂ ಮುಖ್ಯವಾಗಿ ಕೀಟಗಳ ವಿರುದ್ಧ, ಜಾನುವಾರಿಗೆ ಅಷ್ಟಾಗಿ ತೊಂದರೆ ಮಾಡುವುದಿಲ್ಲ. ಮಾಮೂಲಿ ತಳಿಯ ಶಿಲೀಂಧ್ರವಿರುವ ಟಾಲ್ ಫೆಸ್ಕ್ಯೂದಲ್ಲಿ ಎರ್ಗೋವ್ಯಾಲಿನ್, ಪೆರಮಿನ್, ಲೋಲಿನ್ ಸಿಗುತ್ತವೆ. ರೈಗ್ರಾಸಿನಲ್ಲಿ ಎರ್ಗೋವ್ಯಾಲಿನ್, ಲೋಲಿಟ್ರೆಂ ಬಿ, ಪೆರಮಿನ್.

ಲಾನ್ ಬೀಜದ ಕಂಪನಿಗೆ ಇದು ಲಾಭವೇ. ಹುಳ ಕಡಿಮೆ, ಬರ ತಡೆಯುತ್ತದೆ, ಹುಲ್ಲು ದಟ್ಟವಾಗಿ ನಿಲ್ಲುತ್ತದೆ. ಹಾಗಾಗಿ ಬೇಕೆಂದೇ ಶಿಲೀಂಧ್ರವಿರುವ ಬೀಜವನ್ನು ಆರಿಸಿ ಮಾರುತ್ತಾರೆ. ದನ ಮೇಯದ ಗಾಲ್ಫ್ ಮೈದಾನಕ್ಕೆ ಅದೇ ಒಳ್ಳೆಯದು.

ತಾಳತ್ತಮನೆ_7

ಇಷ್ಟು ವಿಷ ಇದ್ದರೆ ಅಮೆರಿಕದಲ್ಲಿ ಲಕ್ಷಾಂತರ ಎಕರೆಯಲ್ಲಿ ದನಕ್ಕೆಂದೇ ಫೆಸ್ಕ್ಯೂ ಬೆಳೆಯುತ್ತಾರಲ್ಲ, ಅದು ಹೇಗೆ?

ಹುಲ್ಲುಗಾವಲು

ಬೆಳೆಯುತ್ತಾರೆ, ನಷ್ಟವನ್ನೂ ಅನುಭವಿಸುತ್ತಾರೆ. ಅಲ್ಲಿ ಹೆಚ್ಚಾಗಿರುವುದು ಕೆಂಟಕಿ 31 ಎಂಬ ತಳಿ. 1931ರಲ್ಲಿ ಕೆಂಟಕಿಯ ಒಂದು ಗುಡ್ಡದ ಹೊಲದಲ್ಲಿ ಕಣ್ಣಿಗೆ ಬಿತ್ತು, 1943ರಲ್ಲಿ ಬಿಡುಗಡೆಯಾಯಿತು. ಗಟ್ಟಿ ಹುಲ್ಲು, ಎಲ್ಲಿ ಹಾಕಿದರೂ ಹಿಡಿಯುತ್ತದೆ. ಆದರೆ ಮೇಯ್ದ ದನಗಳ ಮೈ ಹತ್ತುತ್ತಿರಲಿಲ್ಲ, ಚಳಿಗಾಲದಲ್ಲಿ ಕೆಲವದರ ಗೊರಸು ಕೊಳೆಯುತ್ತಿತ್ತು. ಕಾರಣ ಹುಲ್ಲೊಳಗಿನ ಶಿಲೀಂಧ್ರ ಎಂದು ಜಾರ್ಜಿಯಾದ ವಿಜ್ಞಾನಿಗಳು ತೋರಿಸಿದ್ದು 1977ರಲ್ಲಿ. ಅಷ್ಟರಲ್ಲಿ ಹುಲ್ಲು ಎಲ್ಲ ಕಡೆ ಹಬ್ಬಿ ಆಗಿತ್ತು. ನ್ಯೂಜಿಲೆಂಡಿನಲ್ಲಿ ರೈಗ್ರಾಸ್ ಮೇಯ್ದ ಕುರಿಗಳ ನಡುಕಕ್ಕೂ ಇಂಥದೇ ಶಿಲೀಂಧ್ರ ಕಾರಣ ಎಂದು 1981ರಲ್ಲಿ ಗೊತ್ತಾಯಿತು.

ಮೊದಲು ಶಿಲೀಂಧ್ರವೇ ಇಲ್ಲದ ಬೀಜ ಬಿತ್ತಿ ನೋಡಿದರು. ದನ ಚೆನ್ನಾಗಾದವು, ಹುಲ್ಲು ಹಾಳಾಯಿತು. ನ್ಯೂಜಿಲೆಂಡಿನಲ್ಲಿ ಅರ್ಜೆಂಟೈನ್ ಸ್ಟೆಂ ವೀವಿಲ್ ಎಂಬ ಮೂತಿಹುಳ ತಿಂದುಹಾಕಿತು, ಅಮೆರಿಕದಲ್ಲಿ ಬರಕ್ಕೆ ಸತ್ತಿತು. ಆಮೇಲೆ ಹುಡುಕಿದ್ದು ನಡುದಾರಿ. ದನಕ್ಕೆ ಹೊಡೆಯುವ ವಿಷ ತಯಾರಿಸದ, ಕೀಟಕ್ಕೆ ಹೊಡೆಯುವುದನ್ನು ಮಾತ್ರ ತಯಾರಿಸುವ ಶಿಲೀಂಧ್ರ ತಳಿಗಳನ್ನು ಕಾಡು ಹುಲ್ಲುಗಳಿಂದ ತೆಗೆದು ಒಳ್ಳೆಯ ಹುಲ್ಲಿಗೆ ಸೇರಿಸಿದರು. ರೈಗ್ರಾಸಿಗೆ ಎಆರ್1 ಮತ್ತು ಎಆರ್37, ಫೆಸ್ಕ್ಯೂಗೆ ಎಆರ್542. ಎಆರ್1ರಲ್ಲಿ ಪೆರಮಿನ್ ಇದೆ, ಲೋಲಿಟ್ರೆಂ ಬಿ, ಎರ್ಗೋವ್ಯಾಲಿನ್ ಇಲ್ಲ. ಎಆರ್37ರಲ್ಲಿ ಎಪಾಕ್ಸಿ ಜಾಂಥಿಟ್ರೆಂ ಎಂಬ ಬೇರೊಂದು ಗುಂಪಿದೆ, ಅದರಿಂದಲೂ ಒಮ್ಮೊಮ್ಮೆ ನಡುಕ ಬರುತ್ತದೆ, ಆದರೆ ಹಳೆಯದರಷ್ಟಲ್ಲ.

ನೆನಪಿಡಬೇಕಾದ್ದು: ಈ ತಳಿಗಳು ಮೇವಿನ ಬೀಜದಲ್ಲಿ ಸಿಗುವಂಥವು. ಲಾನ್ ಪ್ಯಾಕೆಟ್ಟಿನಲ್ಲಿ ‘ಎಂಡೋಫೈಟ್’ ಎಂದಷ್ಟೇ ಇದ್ದರೆ ಅದು ಮಾಮೂಲಿ ವಿಷದ ತಳಿ ಎಂದೇ ಲೆಕ್ಕ ಹಾಕಿ.

ಸೂಕ್ಷ್ಮದರ್ಶಕ

ವಿಷ ಹೇಗೆ ತಯಾರಾಗುತ್ತದೆ ಎಂಬುದಕ್ಕೆ ಎರಡು ಮಾತು ಸೇರಿಸುತ್ತೇನೆ, ಏಕೆಂದರೆ ಒಂದೇ ಹುಲ್ಲಿನಲ್ಲಿ ಒಮ್ಮೆ ಇದ್ದು ಒಮ್ಮೆ ಇಲ್ಲದಿರುವುದಕ್ಕೆ ಉತ್ತರ ಅಲ್ಲಿದೆ.

ಎರ್ಗೋವ್ಯಾಲಿನ್ ಶುರುವಾಗುವುದು ಟ್ರಿಪ್ಟೋಫಾನ್ ಎಂಬ ಅಮೈನೋ ಆಮ್ಲದಿಂದ. ಅದಕ್ಕೆ ಐದು ಇಂಗಾಲದ ಒಂದು ತುಣುಕನ್ನು ಜೋಡಿಸುವುದು ಮೊದಲ ಹೆಜ್ಜೆ. ಹಲವು ಹೆಜ್ಜೆ ಕಳೆದು ಲೈಸರ್ಜಿಕ್ ಆಮ್ಲ, ಕೊನೆಗೆ ಅದಕ್ಕೆ ಮೂರು ಅಮೈನೋ ಆಮ್ಲ ಕೂಡಿ ಎರ್ಗೋವ್ಯಾಲಿನ್. ಸಜ್ಜೆಯ ತೆನೆಗೆ ಬರುವ ಎರ್ಗಾಟ್ ಎಂಬ ಶಿಲೀಂಧ್ರರೋಗ ಗೊತ್ತಿರುವವರಿಗೆ ಇದು ಹೊಸದಲ್ಲ, ಎರಡೂ ಒಂದೇ ಕುಟುಂಬದ ಶಿಲೀಂಧ್ರ. ಲೋಲಿಟ್ರೆಂನದು ಬೇರೆ ದಾರಿ, ಅದು ಇಂಡೋಲ್ ಡೈಟರ್ಪೀನ್ ಎಂಬ ಬೇರೆ ರಾಸಾಯನಿಕ ಗುಂಪು. ಪೆರಮಿನ್ ತಯಾರಿಗೆ ದೊಡ್ಡ ಕಿಣ್ವವೊಂದು ಸಾಕು. ಈ ಕೆಲಸಗಳ ಜೀನುಗಳು ಒಂದೊಂದು ಕಡೆ ಗುಂಪಾಗಿರುತ್ತವೆ. ಒಂದು ಜೀನು ಕೆಟ್ಟರೂ ಕೊನೆಯ ವಿಷ ಬರುವುದಿಲ್ಲ, ನಡುವಿನ ವಸ್ತು ಕೂಡಿಕೊಳ್ಳುತ್ತದೆ. ಎಆರ್ ತಳಿಗಳು ಸಿಕ್ಕಿದ್ದು ಪ್ರಕೃತಿಯಲ್ಲೇ ಇರುವ ಇಂಥ ವ್ಯತ್ಯಾಸದಿಂದ.

ಇನ್ನೊಂದು ಗಮನಿಸಿ. ಶಿಲೀಂಧ್ರವನ್ನು ಹುಲ್ಲಿನಿಂದ ತೆಗೆದು ಪ್ರಯೋಗಾಲಯದ ಅಗಾರ್ ತಟ್ಟೆಯಲ್ಲಿ ಬೆಳೆಸಿದರೆ ಈ ವಿಷಗಳು ಬಹುಪಾಲು ಬರುವುದೇ ಇಲ್ಲ. ಜೀವಂತ ಹುಲ್ಲಿನೊಳಗೆ ಇದ್ದಾಗಲೇ ಆ ಜೀನುಗಳು ಜೋರಾಗಿ ಕೆಲಸ ಮಾಡುವುದು. ಸಾರಜನಕ ಗೊಬ್ಬರ ಹೆಚ್ಚಾದರೆ ಎರ್ಗೋವ್ಯಾಲಿನ್ ಏರುತ್ತದೆ, ತೆನೆ ಬರುವ ಹೊತ್ತಿಗೆ ಇನ್ನೂ ಏರುತ್ತದೆ. ಲಾನಿಗೆ ತಿಂಗಳಿಗೊಮ್ಮೆ ಯೂರಿಯಾ ಎರಚುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.

ಡಾ_ಕೊಟ್ಟಿಗೆ

ಪಶುವೈದ್ಯರ ಕಡೆಯಿಂದ. ಮೊದಲು ಅಂಕಿ, ಆಮೇಲೆ ಲಕ್ಷಣ.

ಒಟ್ಟು ಮೇವಿನ ಒಣತೂಕದಲ್ಲಿ ಎರ್ಗೋವ್ಯಾಲಿನ್ ದನಕ್ಕೆ 400ರಿಂದ 750 ಪಿಪಿಬಿ, ಕುದುರೆಗೆ 300ರಿಂದ 500 ಪಿಪಿಬಿ ಆದಾಗ ತೊಂದರೆ ಶುರು ಎಂದು ಅಮೆರಿಕದ ಒರೆಗಾನ್ ಕಡೆ ಬಳಸುವ ಮಿತಿ. ಲೋಲಿಟ್ರೆಂ ಬಿಗೆ ದನದಲ್ಲಿ 1800ರಿಂದ 2000. ಪಿಪಿಬಿ ಎಂದರೆ ಕಿಲೋಗೆ ಒಂದು ಮೈಕ್ರೋಗ್ರಾಂ. ಗಬ್ಬದ ಕುದುರೆಗೆ ಈ ಅಂಕಿಯನ್ನು ನಂಬಿಕೊಳ್ಳಬೇಡಿ, ಅದಕ್ಕೆ ಸೊನ್ನೆಯೇ ಸರಿ.

ಹಸುವಿನ ಲೆಕ್ಕ ಹೀಗೆ ಮಾಡಿ. 400 ಕಿಲೋ ತೂಕದ ಹಸು ದಿನಕ್ಕೆ ಸುಮಾರು 10 ಕಿಲೋ ಒಣತೂಕ ತಿನ್ನುತ್ತದೆ. ಕತ್ತರಿಸಿದ ಹಸಿ ಲಾನ್ ಹುಲ್ಲು 10 ಕಿಲೋ ಹಾಕಿದರೆ ಅದರಲ್ಲಿ ಒಣತೂಕ 2ರಿಂದ 2.5 ಕಿಲೋ. ಆ ಹುಲ್ಲಿನಲ್ಲಿ 600 ಪಿಪಿಬಿ ಇದ್ದರೂ ಒಟ್ಟು ಮೇವಿನಲ್ಲಿ 120ರಿಂದ 150ಕ್ಕೆ ಇಳಿಯುತ್ತದೆ. ಅಂದರೆ ಯಾವಾಗಲೋ ಒಂದು ದಿನ ಒಂದು ಮಂಕರಿ ಹಾಕಿದ್ದಕ್ಕೆ ಹಸು ಬೀಳುವುದಿಲ್ಲ. ದಿನವೂ ಅದನ್ನೇ ಹೊಟ್ಟೆ ತುಂಬ ಹಾಕಿದರೆ, ಅಥವಾ ಕಟ್ಟಿ ಮೇಯಿಸಿದರೆ ಮಾತ್ರ ಕಥೆ ಬೇರೆ.

ಎರ್ಗೋವ್ಯಾಲಿನ್ ರಕ್ತನಾಳಗಳನ್ನು ಬಿಗಿ ಮಾಡುತ್ತದೆ, ಹಾಲು ಬರಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನನ್ನು ಇಳಿಸುತ್ತದೆ. ಸೆಕೆಗಾಲದಲ್ಲಿ ಹಸು ಏದುಸಿರು ಬಿಡುತ್ತದೆ, ನೆರಳು, ಕೆಸರು ಹುಡುಕುತ್ತದೆ, ಮೈಕೂದಲು ಉದುರದೆ ಒರಟಾಗಿ ಉಳಿಯುತ್ತದೆ, ಹಾಲು ಇಳಿಯುತ್ತದೆ, ಗಬ್ಬ ನಿಲ್ಲುವುದು ಕಷ್ಟ. ಚಳಿಯಲ್ಲಿ ಹಿಂಗಾಲು ಕುಂಟು, ಗೊರಸಿನ ಮೇಲಂಚಿನಲ್ಲಿ ಊತ, ಆಮೇಲೆ ಸತ್ತ ಚರ್ಮಕ್ಕೂ ಬದುಕಿದ ಚರ್ಮಕ್ಕೂ ನಡುವೆ ಗೆರೆ ಎಳೆದಂತೆ ಗುರುತು. ಬಾಲದ ತುದಿ, ಕಿವಿಯ ತುದಿ ಕಪ್ಪಾಗಿ ಉದುರಬಹುದು. ಕೊಡಗಿನ ಚಳಿ ಕೆಂಟಕಿಯ ಹಿಮದಷ್ಟಲ್ಲ, ಹಾಗಾಗಿ ಇಲ್ಲಿ ಗೊರಸು ಕಳಚುವಷ್ಟು ಹೋಗುವ ಸಾಧ್ಯತೆ ಕಡಿಮೆ. ಹಾಲು ಇಳಿಯುವುದೇ ಮೊದಲು ಕಾಣುವ ನಷ್ಟ.

ಲೋಲಿಟ್ರೆಂ ಬಿಯದು ಬೇರೆ ಚಿತ್ರ. ಅದು ನರ ಮತ್ತು ಸ್ನಾಯುವಿನ ಪೊಟ್ಯಾಸಿಯಂ ದ್ವಾರಗಳನ್ನು ಮುಚ್ಚುತ್ತದೆ. ಸುಮ್ಮನೆ ನಿಂತಾಗ ತಲೆ ಸಣ್ಣಗೆ ಅದುರುತ್ತದೆ. ಓಡಿಸಿದರೆ ಕಾಲು ಸೆಟೆದು ಬೀಳುತ್ತದೆ, ಬಿಟ್ಟುಬಿಟ್ಟರೆ ಕೆಲವೇ ನಿಮಿಷಕ್ಕೆ ಎದ್ದು ನಿಲ್ಲುತ್ತದೆ. ಮೇಯಲು ಶುರುಮಾಡಿ ಒಂದೆರಡು ವಾರಕ್ಕೆ ಬರುತ್ತದೆ, ಮೇವು ಬದಲಿಸಿದರೆ ಒಂದರಿಂದ ಮೂರು ವಾರಕ್ಕೆ ಇಳಿಯುತ್ತದೆ. ಪ್ರತಿವಿಷ ಇಲ್ಲ. ವಿಷದಿಂದ ಸಾಯುವುದಕ್ಕಿಂತ ಕೆರೆಗೆ, ಗುಂಡಿಗೆ, ತೋಟದ ಚರಂಡಿಗೆ ಬಿದ್ದು ಸಾಯುವುದೇ ಜಾಸ್ತಿ. ನಾಯಿ ಬಿಡಬೇಡಿ, ಕೂಗಾಡಬೇಡಿ, ಸಮತಟ್ಟು ಜಾಗಕ್ಕೆ ನಿಧಾನವಾಗಿ ಸರಿಸಿ.

ತಾಳತ್ತಮನೆ_7

ಡಾಕ್ಟ್ರೇ, ಈ ಲಕ್ಷಣ ಓದಿದರೆ ನಡುಗುವ ಹಸುವಿಗೆಲ್ಲ ಇದೇ ಕಾರಣ ಎನಿಸುತ್ತದೆ. ತೋಟದಲ್ಲಿ ನಡುಕ ಬರುವ ದನಗಳೇನೂ ಅಪರೂಪವಲ್ಲ.

ಡಾ_ಕೊಟ್ಟಿಗೆ

ಹಾಗೆ ತಿಳಿಯುವುದೇ ಅಪಾಯ. ಕೊಡಗಿನ ನಡುಗುವ ಹಸುವಿಗೆ ಎಂಡೋಫೈಟ್ ಪಟ್ಟಿಯ ಕೊನೆಯಲ್ಲಿರಬೇಕು. ಮೊದಲು ರೇಬೀಸ್ ಇಲ್ಲವೆಂದು ಖಚಿತವಾಗಬೇಕು. ದನಿ ಬದಲಾಗಿದ್ದರೆ, ಜೊಲ್ಲು ಸುರಿಯುತ್ತಿದ್ದರೆ, ನುಂಗಲಾಗದಿದ್ದರೆ ಬಾಯಿಗೆ ಬರಿಗೈ ಹಾಕಬೇಡಿ, ‘ಗಂಟಲಲ್ಲಿ ಏನೋ ಸಿಕ್ಕಿದೆ’ ಎಂದು ಕೈ ತೂರಿಸುವವರು ಬಹಳ. ಎರಡನೆಯದು ಕಾಫಿ ತೋಟದ ಔಷಧಿ. ಕ್ಲೋರ್‌ಪೈರಿಫಾಸಿನಂಥದ್ದು ಹೊಟ್ಟೆಗೆ ಹೋಗಿದ್ದರೆ ನಡುಕದ ಜೊತೆ ಧಾರಾಳ ಜೊಲ್ಲು, ಭೇದಿ, ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಚಿಕ್ಕದು. ಅದಕ್ಕೆ ಅಟ್ರೋಪಿನ್ ತಕ್ಷಣ ಬೇಕು. ಲೋಲಿಟ್ರೆಂನಲ್ಲಿ ಈ ಜೊಲ್ಲು, ಪಾಪೆಯ ಬದಲಾವಣೆ ಇರುವುದಿಲ್ಲ. ಮೂರನೆಯದು ಕರು ಹಾಕಿದ ಒಂದೆರಡು ದಿನದಲ್ಲಿ ಬರುವ ಹಾಲುಜ್ವರ, ಕ್ಯಾಲ್ಸಿಯಂ ಕೊಟ್ಟರೆ ಎದ್ದು ನಿಲ್ಲುತ್ತದೆ. ನಾಲ್ಕನೆಯದು ಮೆಗ್ನೀಸಿಯಂ ಕೊರತೆ. ಇವೆಲ್ಲ ತಳ್ಳಿಹಾಕಿದ ಮೇಲೆ, ಹಸು ರೈಗ್ರಾಸ್ ತಿಂದಿದ್ದು ನಿಜವಾದರೆ ಮಾತ್ರ ಇದರ ಮಾತು.

ಬಾಣೆಹಸಿರು

ಮೂಲ ಪ್ರಶ್ನೆಯ ಕೊನೆಯ ತುಂಡಿಗೆ ಯಾರೂ ಉತ್ತರಿಸಿಲ್ಲ. ನಮ್ಮ ಬಾಣೆ, ಗದ್ದೆಬದುಗಳ ಹುಲ್ಲಿನಲ್ಲಿ ಇದೆಯೇ? ನೇಪಿಯರ್, ಗಿನಿ ಹುಲ್ಲಿನಲ್ಲಿ?

ಹುಲ್ಲುಗಾವಲು

ಎಪಿಕ್ಲೋಯಿ ಇರುವುದು ತಂಪು ಸೀಮೆಯ ಹುಲ್ಲುಗಳಲ್ಲಿ: ಫೆಸ್ಕ್ಯೂ, ರೈಗ್ರಾಸ್, ಅವುಗಳ ಬಳಗ. ನಮ್ಮಲ್ಲಿ ಮೇವಿಗೆ ಬಳಸುವ ನೇಪಿಯರ್, ಗಿನಿ, ಪ್ಯಾರಾ ಹುಲ್ಲು, ಗರಿಕೆ ಎಲ್ಲವೂ ಬಿಸಿ ಸೀಮೆಯ ಗುಂಪಿನವು. ಅವುಗಳಲ್ಲಿ ಎಪಿಕ್ಲೋಯಿ ಇಲ್ಲ, ಆ ಭಯ ಬಿಡಿ. ಎಳೆಯ ನೇಪಿಯರಿನಲ್ಲಿ ನೈಟ್ರೇಟ್, ಆಕ್ಸಲೇಟ್ ಹೆಚ್ಚಿರಬಹುದು, ಅದು ಬೇರೆ ವಿಷಯ.

ಆದರೆ ಇದೇ ಕುಟುಂಬದ ನೆಂಟರು ನಮ್ಮಲ್ಲಿಯೂ ಇದ್ದಾರೆ. ಪಾಸ್ಪಾಲಂ ಜಾತಿಯ ಹುಲ್ಲಿನ ತೆನೆಗೆ ಕ್ಲಾವಿಸೆಪ್ಸ್ ಪಾಸ್ಪಾಲಿ ಎಂಬ ಎರ್ಗಾಟ್ ತಗಲುತ್ತದೆ. ಇದು ಎಂಡೋಫೈಟ್ ಅಲ್ಲ, ಹೂವಿನ ಮೂಲಕ ಹೊರಗಿನಿಂದ ಬರುವ ರೋಗ. ಮೊದಲು ತೆನೆಯ ಮೇಲೆ ಅಂಟಂಟಾದ ಸಿಹಿ ಹನಿ, ಇರುವೆ ಮುತ್ತುತ್ತದೆ. ಆಮೇಲೆ ಕಾಳಿನ ಜಾಗದಲ್ಲಿ 2ರಿಂದ 4 ಮಿಲಿಮೀಟರಿನ ಉರುಟಾದ ಬೂದು ಕಂದು ಗಂಟುಗಳು. ಅದರ ಪಾಸ್ಪಲಿಟ್ರೆಂ ವಿಷ ಲೋಲಿಟ್ರೆಂನಂತೆಯೇ ನಡುಕ ತರುತ್ತದೆ. ವಿಷ ಇರುವುದು ತೆನೆಯಲ್ಲಿ ಮಾತ್ರ, ಆದ್ದರಿಂದ ತೆನೆ ಬರುವ ಮೊದಲೇ ಕತ್ತಿ ಆಡಿಸಿದರೆ ಮುಗಿಯಿತು. ಗರಿಕೆಗೂ ಇಂಥ ಒಂದು ಕ್ಲಾವಿಸೆಪ್ಸ್ ಇದೆ, ಅಲ್ಲಿಯೂ ತೆನೆಯನ್ನೇ ನೋಡಬೇಕು. ದೇವರಿಗೆ ಇಡುವ ಎಳೆ ಗರಿಕೆಯ ಬಗ್ಗೆ ಯಾರಾದರೂ ಕೇಳುವ ಮೊದಲೇ ಹೇಳಿಬಿಡುತ್ತೇನೆ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಗದ್ದೆಬದು

ನೆಂಟರ ಮಾತು ಬಂದಿದ್ದಕ್ಕೆ ಬತ್ತದ ಊದುಬತ್ತಿ ರೋಗವನ್ನೂ ಇಲ್ಲಿ ಸೇರಿಸಬೇಕು. ಅದನ್ನು ತರುವ ಶಿಲೀಂಧ್ರ ಎಫೆಲಿಸ್ ಒರೈಜೆ, ಇನ್ನೊಂದು ಹೆಸರು ಬಲಾನ್ಸಿಯಾ. ಇದೂ ಕ್ಲಾವಿಸೆಪ್ಸ್ ಕುಟುಂಬದ್ದೇ, ಇದೂ ಗಿಡದೊಳಗೆ ಸದ್ದಿಲ್ಲದೆ ಬೆಳೆಯುತ್ತದೆ, ಇದೂ ಬೀಜದ ಮೂಲಕ ಬರುತ್ತದೆ. ಎಪಿಕ್ಲೋಯಿ ಕೊನೆಯವರೆಗೂ ಅಡಗಿಕೊಂಡಿರುತ್ತದೆ, ಇದು ತೆನೆಯಲ್ಲಿ ಬಯಲಾಗುತ್ತದೆ.

ಪೈರಿನಲ್ಲಿ ಏನೂ ಕಾಣದು, ಹೆಚ್ಚೆಂದರೆ ಗಿಡ ಸ್ವಲ್ಪ ಗಿಡ್ಡ. ತೆನೆ ಹೊರಬರುವಾಗ ಕವಲುಗಳೆಲ್ಲ ಬಿಳಿ ನೂಲಿನಿಂದ ಒಂದಕ್ಕೊಂದು ಅಂಟಿ ನೆಟ್ಟಗೆ ಕಡ್ಡಿಯಂತೆ ನಿಲ್ಲುತ್ತದೆ. ದಿನ ಕಳೆದಂತೆ ಬೂದು, ಮೇಲೆ ಕಪ್ಪು ಚುಕ್ಕೆ. ಆ ತೆನೆಯಲ್ಲಿ ಒಂದು ಕಾಳೂ ಕಟ್ಟುವುದಿಲ್ಲ. ಕಂಡ ಕೂಡಲೇ, ಕಪ್ಪು ಚುಕ್ಕೆ ಮೂಡುವ ಮೊದಲು, ಬುಡಸಮೇತ ಕಿತ್ತು ಚೀಲಕ್ಕೆ ಹಾಕಿ ಸುಡಬೇಕು. ಬದುವಿನ ಮೇಲೆ ಎಸೆದರೆ ಕಿತ್ತೂ ಪ್ರಯೋಜನವಿಲ್ಲ. ಬದುವಿನ ಕೆಲವು ಕಳೆಹುಲ್ಲುಗಳಲ್ಲೂ ಇದು ಉಳಿದುಕೊಳ್ಳುತ್ತದೆ, ಹಾಗಾಗಿ ಬದು ಸವರುವುದನ್ನು ಬಿಡಬೇಡಿ.

ಆ ಗದ್ದೆಯಿಂದ ಬಿತ್ತನೆ ಬೀಜ ಇಡಬೇಡಿ. ಮನೆಯ ಹಳೆಯ ತಳಿ, ಬೇರೆ ದಾರಿ ಇಲ್ಲ ಎಂದಾದರೆ ಬಿಸಿನೀರಿನ ಉಪಚಾರ ಮಾಡಿ: 54 ಡಿಗ್ರಿ ಸೆಲ್ಸಿಯಸ್, 10 ನಿಮಿಷ. ಕೈಯಲ್ಲಿ ಮುಟ್ಟಿ ಅಂದಾಜು ಮಾಡುವ ಕೆಲಸ ಇದಲ್ಲ, ಥರ್ಮಾಮೀಟರ್ ಬೇಕೇ ಬೇಕು. ಒಂದು ಕಿಲೋ ಬೀಜಕ್ಕೆ 10 ಲೀಟರಾದರೂ ನೀರಿರಲಿ, ಇಲ್ಲದಿದ್ದರೆ ತಣ್ಣನೆ ಬೀಜ ಬಿದ್ದ ಕೂಡಲೇ ನೀರು 48, 49ಕ್ಕೆ ಇಳಿಯುತ್ತದೆ, ಶಿಲೀಂಧ್ರ ಸಾಯುವುದಿಲ್ಲ. ಶಾಖ ಹೆಚ್ಚಾದರೆ ಮೊಳಕೆಗೆ ಪೆಟ್ಟು ಬೀಳಬಹುದು. ಬೀಜವನ್ನು ಸಡಿಲವಾಗಿ ಬಟ್ಟೆಗೆ ಕಟ್ಟಿ, ಪಕ್ಕದಲ್ಲಿ ಕುದಿಯುವ ನೀರಿನ ಪಾತ್ರೆ ಇಟ್ಟುಕೊಂಡು, ಸೌಟಿನಲ್ಲಿ ಸ್ವಲ್ಪಸ್ವಲ್ಪ ಸೇರಿಸಿ ಕಲಕುತ್ತ ಶಾಖ ಹಿಡಿಯಬೇಕು. 10 ನಿಮಿಷವಾದ ತಕ್ಷಣ ತಣ್ಣೀರಿಗೆ ಅದ್ದಿ. ಹಾಗೆಯೇ ಮೊಳಕೆಗೆ ಕಟ್ಟಿ ಸಸಿಮಡಿಗೆ ಹಾಕುವುದು ಒಳ್ಳೆಯದು. ಒಣಗಿಸಿ ಇಡುವುದಾದರೆ ನೆರಳಿನಲ್ಲಿ. ಮೊದಲ ಸಲ ಮಾಡುವವರು ನೂರು ಕಾಳಿನಲ್ಲಿ ಪ್ರಯೋಗ ಮಾಡಿ ಮೊಳಕೆ ಎಣಿಸಿಕೊಂಡು ಮುಂದುವರಿಯಿರಿ.

ಡಾ_ಕೊಟ್ಟಿಗೆ

ಬತ್ತದ ವಿಷಯಕ್ಕೆ ಬಂದಿದ್ದರಿಂದ ಹೇಳುತ್ತೇನೆ. ಕೊಡಗಿನ ಕೊಟ್ಟಿಗೆಯಲ್ಲಿ ಶಿಲೀಂಧ್ರವಿಷ ಎಂದರೆ ನನ್ನ ಮಟ್ಟಿಗೆ ಮೊದಲು ನೆನಪಾಗಬೇಕಾದ್ದು ಬೂಷ್ಟು ಹಿಡಿದ ಬತ್ತದ ಹುಲ್ಲು. ಹುತ್ತರಿ ಆದ ಮೇಲೆ ಒಣಗಿಸಿ ಮೆದೆ ಹಾಕಿದ ಹುಲ್ಲು ಜೂನ್‌ವರೆಗೆ ಚೆನ್ನಾಗಿರುತ್ತದೆ. ಆಷಾಢದ ಮಳೆ, ಮಂಜಿಗೆ ಸಿಕ್ಕ ಮೇಲೆ ಅಡಿಯಿಂದ, ಗೋಡೆ ಬದಿಯಿಂದ ಕಪ್ಪಾಗುತ್ತದೆ. ಬಯಲುಸೀಮೆಯಿಂದ ಲಾರಿಯಲ್ಲಿ ಬರುವ ಬೇಲುಗಳಲ್ಲಿ ಇನ್ನೂ ಕಷ್ಟ, ಹೊರಗೆ ಹೊಂಬಣ್ಣ, ನಡುವೆ ಬಿಳಿ ಬೂಷ್ಟು.

ಉತ್ತರ ಭಾರತದಲ್ಲಿ ಡೆಗ್ನಾಲಾ ಎಂಬ ರೋಗವಿದೆ. ಚಳಿಗಾಲದಲ್ಲಿ ಫ್ಯುಸೇರಿಯಂ ಬೂಷ್ಟಿನ ಬತ್ತದ ಹುಲ್ಲು ತಿಂದ ಎಮ್ಮೆಗಳ ಬಾಲ, ಕಿವಿ, ಗೊರಸು ಕೊಳೆಯುತ್ತವೆ. ಫೆಸ್ಕ್ಯೂ ಕಾಲುರೋಗವನ್ನು ಪುಸ್ತಕದಲ್ಲಿ ಓದಿದವರು ಇದನ್ನು ನೋಡಿದರೆ ಅದೇ ಎನ್ನುತ್ತಾರೆ, ಆದರೆ ಶಿಲೀಂಧ್ರ ಬೇರೆ, ಹುಲ್ಲು ಬೇರೆ. ಕಾಲುಬಾಯಿ ಜ್ವರದಿಂದ ಬೇರ್ಪಡಿಸುವುದು ಸುಲಭ. ಅದರಲ್ಲಿ ಜ್ವರ, ಬಾಯಿಹುಣ್ಣು, ಜೊಲ್ಲು ಇರುತ್ತದೆ, ಹಟ್ಟಿಯಲ್ಲಿ ಒಂದರಿಂದ ಒಂದಕ್ಕೆ ಹರಡುತ್ತದೆ. ಡೆಗ್ನಾಲಾದಲ್ಲಿ ಬಾಯಿ ಸ್ವಚ್ಛ, ಅದೇ ಹುಲ್ಲು ತಿಂದವಕ್ಕೆ ಮಾತ್ರ. ಮೊದಲ ಚಿಕಿತ್ಸೆ ಹುಲ್ಲು ನಿಲ್ಲಿಸುವುದು. ಕಬ್ಬಿಣ, ತಾಮ್ರ, ಸತು, ಕೋಬಾಲ್ಟ್, ಮೆಗ್ನೀಸಿಯಂ ಸಲ್ಫೇಟುಗಳ ಪೆಂಟಾಸಲ್ಫೇಟ್ ಮಿಶ್ರಣ ಕೊಡುವುದು ರೂಢಿ, ಪ್ರಮಾಣ ನಿಮ್ಮ ಪಶುವೈದ್ಯರೇ ಹೇಳಲಿ. ತಾಮ್ರ ಇರುವುದರಿಂದ ಕುರಿಗೆ ಅದನ್ನು ಹಾಕಬೇಡಿ.

ಹುಲ್ಲು ಒಳಗಿಡುವ ಮೊದಲು ತೇವ 15 ಶೇಕಡಾಕ್ಕಿಂತ ಕಡಿಮೆ ಇರಬೇಕು. ಯಂತ್ರ ಬೇಕಿಲ್ಲ. ಒಣಗಿದ ಗಾಜಿನ ಬಾಟಲಿಗೆ ಬೇಲಿನ ನಡುವಿನಿಂದ ತೆಗೆದು ಕತ್ತರಿಸಿದ ಹುಲ್ಲು ಅರ್ಧದವರೆಗೆ ತುಂಬಿ, ಚೆನ್ನಾಗಿ ಒಣಗಿದ ಪುಡಿ ಉಪ್ಪು ಎರಡು ಚಮಚ ಹಾಕಿ, ಮುಚ್ಚಿ ಎರಡು ನಿಮಿಷ ಕುಲುಕಿ. ಉಪ್ಪು ಹುಡಿಹುಡಿಯಾಗಿ ಉಳಿದರೆ ಇಡಬಹುದು. ಗಂಟುಕಟ್ಟಿದರೆ, ಗಾಜಿಗೆ ಅಂಟಿದರೆ ಇನ್ನೂ ಒಣಗಬೇಕು. ನಮ್ಮ ಮಳೆಗಾಲದಲ್ಲಿ ಡಬ್ಬಿಯ ಉಪ್ಪೇ ಒದ್ದೆ ಇರುತ್ತದೆ, ಮೊದಲು ಬಾಣಲೆಯಲ್ಲಿ ಹುರಿದುಕೊಳ್ಳಿ. ಮೆದೆಯನ್ನು ನೆಲಕ್ಕೆ ತಾಗಿಸದೆ ಒಂದಡಿ ಎತ್ತರದ ಅಟ್ಟಳಿಗೆಯಲ್ಲಿ, ಗೋಡೆಯಿಂದ ಒಂದಡಿ ಬಿಟ್ಟು ಇಡಿ. ಬೂಷ್ಟಿನ ಹುಲ್ಲನ್ನು ತೊಳೆದು ಹಾಕಿದರೆ ಕಪ್ಪು ಹೋಗುತ್ತದೆ, ವಿಷ ಹೋಗುವುದಿಲ್ಲ.

ಕುದುರೆಲಾಯ

ರೆಸಾರ್ಟುಗಳಲ್ಲಿ ಸವಾರಿಗೆ ಕುದುರೆ ಇಟ್ಟಿರುತ್ತಾರೆ, ಅವನ್ನು ಲಾನಿಗೇ ಬಿಡುವುದೂ ಉಂಟು. ಗಬ್ಬದ ಕುದುರೆಯ ಬಗ್ಗೆ ಡಾಕ್ಟ್ರು ಒಂದೇ ಸಾಲು ಬರೆದು ಬಿಟ್ಟರು, ವಿವರ ಬೇಕು.

ಡಾ_ಕೊಟ್ಟಿಗೆ

ಕುದುರೆಗೆ ಗಬ್ಬದ ಅವಧಿ ಸರಾಸರಿ 340 ದಿನ. ವಿಷದ ಫೆಸ್ಕ್ಯೂ ಕೊನೆಯ ತಿಂಗಳುಗಳಲ್ಲಿ ಹೊಟ್ಟೆಗೆ ಹೋದರೆ ದಿನ ತುಂಬಿದರೂ ಈಯುವುದಿಲ್ಲ, ಮರಿ ದೊಡ್ಡದಾಗಿ ಸಿಕ್ಕಿಕೊಳ್ಳುತ್ತದೆ, ಮಾಸು ದಪ್ಪಗಾಗಿ ಮರಿಗಿಂತ ಮೊದಲೇ ಕೆಂಪಾಗಿ ಹೊರಬರುತ್ತದೆ, ಕೆಚ್ಚಲಿಗೆ ಹಾಲೇ ಇಳಿಯುವುದಿಲ್ಲ. ಕೆಂಪು ಚೀಲ ಕಂಡರೆ ಕಾಯಬೇಡಿ, ತಕ್ಷಣ ಅದನ್ನು ಸೀಳಿ ಮರಿಯನ್ನು ಎಳೆಯಬೇಕು, ಇಲ್ಲದಿದ್ದರೆ ಉಸಿರುಕಟ್ಟುತ್ತದೆ.

ಈಯುವುದಕ್ಕೆ 60ರಿಂದ 90 ದಿನ ಮೊದಲು ಆ ಹುಲ್ಲಿನಿಂದ ದೂರ ಮಾಡಿ. ತೀರ ತಡವಾಯಿತು ಎಂದರೂ 30 ದಿನವಾದರೂ ಇರಲಿ. ಆಗದಿದ್ದಲ್ಲಿ ಡೋಂಪೆರಿಡೋನ್ ಕೊಡುತ್ತಾರೆ, ಮೈತೂಕದ ಕಿಲೋಗೆ 1.1 ಮಿಲಿಗ್ರಾಂನಂತೆ ದಿನಕ್ಕೊಮ್ಮೆ ಬಾಯಿಗೆ, ದಿನ ತುಂಬುವುದಕ್ಕೆ 10ರಿಂದ 14 ದಿನ ಮೊದಲಿಂದ. 400 ಕಿಲೋ ಕುದುರೆಗೆ 440 ಮಿಲಿಗ್ರಾಂ. ಮೆಡಿಕಲ್ ಶಾಪಿನ 10 ಮಿಲಿಗ್ರಾಂ ಮಾತ್ರೆ ಎಣಿಸಿದರೆ 44. ಈ ಲೆಕ್ಕ ಬರೆದಿದ್ದು ಎಷ್ಟು ದೊಡ್ಡ ಪ್ರಮಾಣ ಎಂದು ತಿಳಿಯಲಿ ಎಂದು, ಪಶುವೈದ್ಯರಿಲ್ಲದೆ ನೀವೇ ಕೊಡಲಿ ಎಂದಲ್ಲ.

ಮಕ್ಕಂದೂರು_ತೋಟ

ಪ್ಯಾಕೆಟ್ ಎಸೆದುಬಿಟ್ಟಿದ್ದರೆ, ಲಾನಿನಲ್ಲಿ ಶಿಲೀಂಧ್ರ ಇದೆಯೋ ಇಲ್ಲವೋ ಎಂದು ನೋಡುವ ದಾರಿ ಇದೆಯೇ?

ಸೂಕ್ಷ್ಮದರ್ಶಕ

ಇದೆ, ಕಾಲೇಜಿನ ಮಾಮೂಲಿ ಸೂಕ್ಷ್ಮದರ್ಶಕ ಸಾಕು. ಬಿತ್ತಿ ಕನಿಷ್ಠ ಆರು ವಾರ ಆಗಿರಬೇಕು, ಎಳೆ ಸಸಿಯಲ್ಲಿ ಸಿಗದು. ಲಾನಿನ ಬೇರೆಬೇರೆ ಮೂಲೆಗಳಿಂದ 30ರಿಂದ 50 ತೆಂಡೆ ಕೀಳಿ, ಒಂದೇ ಗಿಡದಿಂದ ಎರಡು ಬೇಡ. ಹೊರಗಿನ ಒಣಗಿದ, ಕಂದಾದ ಕವಚ ಬಿಸಾಡಿ, ಅದರೊಳಗಿನ ಹಸಿರು ಎಲೆಕವಚವನ್ನು ಬುಡದ ಹತ್ತಿರ ಬಿಡಿಸಿ. ಒಳಮೈಯಿಂದ, ಅಂದರೆ ಕಾಂಡಕ್ಕೆ ತಾಗಿದ್ದ ಕಡೆಯಿಂದ, ಈರುಳ್ಳಿ ಪೊರೆಯಂತೆ ತೆಳುವಾದ ಪದರವನ್ನು ಚಿಮಟದಲ್ಲಿ ಎಳೆಯಿರಿ, ಅರ್ಧ ಸೆಂಟಿಮೀಟರ್ ಸಾಕು. ಸ್ಲೈಡಿನ ಮೇಲೆ ಲ್ಯಾಕ್ಟಿಕ್ ಆಮ್ಲದಲ್ಲಿ ಕಲಸಿದ ಅನಿಲಿನ್ ಬ್ಲೂ ಒಂದು ಹನಿ, ಅದರಲ್ಲಿ ಪದರ, ಮೇಲೆ ಕವರ್‌ಸ್ಲಿಪ್. ಸ್ಪಿರಿಟ್ ದೀಪದ ಮೇಲೆ ಹಬೆ ಬರುವಷ್ಟು ಮಾತ್ರ ಬಿಸಿ ಮಾಡಿ, ಕುದಿಸಿದರೆ ಗುಳ್ಳೆ ತುಂಬಿ ಏನೂ ಕಾಣದು. 100 ಪಟ್ಟಿನಲ್ಲಿ ಹುಡುಕಿ 400ರಲ್ಲಿ ಖಚಿತ ಮಾಡಿಕೊಳ್ಳಿ.

ಎಪಿಕ್ಲೋಯಿ ಇದ್ದರೆ ಗಿಡದ ಕೋಶಗಳ ಉದ್ದಕ್ಕೆ, ಕೋಶಗಳ ನಡುವೆ, ನೀಲಿ ನೂಲುಗಳು ಸ್ವಲ್ಪ ಸುರುಳಿಸುರುಳಿಯಾಗಿ ಓಡುತ್ತವೆ, ಕವಲು ಬಹಳ ಕಡಿಮೆ. ಎಡವುವುದು ಇಲ್ಲೇ: ಕೊಡಗಿನ ಒದ್ದೆಯಲ್ಲಿ ಎಲೆಯ ಮೇಲೆ ಇತರ ಬೂಷ್ಟುಗಳೂ ಧಾರಾಳ. ಅವು ಕೋಶಗಳನ್ನು ಅಡ್ಡಡ್ಡ ದಾಟುತ್ತವೆ, ಕವಲೊಡೆಯುತ್ತವೆ, ಕೆಲವಕ್ಕೆ ಕಂದು ಬಣ್ಣ. ಅದನ್ನು ಎಣಿಕೆಗೆ ತೆಗೆದುಕೊಳ್ಳಬೇಡಿ.

ಉಳಿದ ಬೀಜವಿದ್ದರೆ 5 ಶೇಕಡಾ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ರಾತ್ರಿಯಿಡೀ ನೆನೆಸಿ, ಚೆನ್ನಾಗಿ ತೊಳೆದು, ಹೊಟ್ಟು ಬಿಡಿಸಿ, ಅದೇ ಬಣ್ಣದಲ್ಲಿ ಒತ್ತಿ ನೋಡಬಹುದು. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಇರಲಿ. ಆದರೆ ಬೀಜದಲ್ಲಿ ಎಳೆ ಕಂಡರೆ ಅದು ಬದುಕಿದೆ ಎಂದರ್ಥವಲ್ಲ.

ವಿಷದ ಪ್ರಮಾಣವೇ ಬೇಕೆಂದರೆ ಎಚ್‌ಪಿಎಲ್‌ಸಿ (ರಾಸಾಯನಿಕಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ) ಇರುವ ಪ್ರಯೋಗಾಲಯ ಬೇಕು, ಕೇಳುವಾಗ ಎರ್ಗೋವ್ಯಾಲಿನ್ ಮಾಡುತ್ತೀರಾ ಎಂದು ಹೆಸರು ಹಿಡಿದೇ ಕೇಳಿ. ಮಾದರಿಯನ್ನು ಬಿಸಿಲಲ್ಲಿ ಒಣಗಿಸಿ ಕಳಿಸಬೇಡಿ, ಶಾಖಕ್ಕೆ ಬೆಳಕಿಗೆ ಅದು ಒಡೆದುಹೋಗಿ ಇದ್ದುದಕ್ಕಿಂತ ಕಡಿಮೆ ತೋರಿಸುತ್ತದೆ. ಕತ್ತರಿಸಿದ ಕೂಡಲೇ ಫ್ರೀಜರ್, ಐಸ್ ಪೆಟ್ಟಿಗೆಯಲ್ಲೇ ಸಾಗಣೆ.

ಬಾಣೆಹಸಿರು

ಇದೆ ಎಂದಾದರೆ ಶಿಲೀಂಧ್ರನಾಶಕ ಹೊಡೆದು ಲಾನ್ ಉಳಿಸಿಕೊಳ್ಳುವ ಆಸೆ ಬೇಡ. ಬೆಳೆದ ಹುಲ್ಲಿನೊಳಗಿಂದ ಇದನ್ನು ತೆಗೆಯುವುದು ಕೈಗೂಡುವ ಕೆಲಸವಲ್ಲ. ಎರಡು ದಾರಿ. ಕತ್ತರಿಸಿದ್ದನ್ನು ಕೊಟ್ಟಿಗೆಗೆ ಕೊಡದೆ ಕಾಂಪೋಸ್ಟಿಗೆ ಹಾಕಿ ಲಾನನ್ನು ಹಾಗೇ ಇಟ್ಟುಕೊಳ್ಳಿ, ಮಡಿಕೇರಿಯಂಥ ಜಾಗಕ್ಕೆ ಅದೇ ಬುದ್ಧಿವಂತಿಕೆ. ಅಥವಾ ಪೂರ್ತಿ ತೆಗೆಯಿರಿ. ತೆನೆ ಬಿಡುವ ಮೊದಲು ಬೇರುಸಮೇತ ಕೆತ್ತಿ, ಫೆಬ್ರವರಿಯಿಂದ ಏಪ್ರಿಲ್ ನಡುವೆ ನೀರುಣಿಸಿ ಪಾರದರ್ಶಕ ಪಾಲಿಥೀನ್ ಹಾಳೆಯನ್ನು ನೆಲಕ್ಕೆ ತಾಗುವಂತೆ ಬಿಗಿಯಾಗಿ ಆರು ವಾರ ಹೊದಿಸಿ, ಅಂಚಿಗೆ ಮಣ್ಣು ಮುಚ್ಚಿ. ನೆರಳುಮರದ ಅಡಿಯಲ್ಲಿ ಇದು ಕೆಲಸ ಮಾಡದು, ಬಿಸಿಲೇ ಬೀಳದು. ಅಲ್ಲಿ ಕೈಯಲ್ಲೇ ಕೀಳಬೇಕು. ಮುಂಗಾರು ಹಿಡಿದ ಮೇಲೆ ಗರಿಕೆಯನ್ನೋ ನೆರಳಿದ್ದರೆ ಕಾರ್ಪೆಟ್ ಗ್ರಾಸನ್ನೋ ತುಂಡು ನೆಡಿ.

ಶಿಲೀಂಧ್ರ ಇಲ್ಲದ ಲಾನಾದರೂ ಮಷೀನಿನ ಹುಲ್ಲನ್ನು ಚೀಲದಲ್ಲಿ ಕಟ್ಟಿಟ್ಟು ಸಂಜೆ ಹಾಕಬೇಡಿ. ಗಂಟೆಗಳಲ್ಲೇ ಬಿಸಿಯೇರಿ ಹುಳಿಯುತ್ತದೆ. ಕಳೆನಾಶಕ ಹೊಡೆದ ಲಾನಾದರಂತೂ ಮಾತೇ ಬೇಡ.

ಹುಲ್ಲುಗಾವಲು

ಒಣಗಿಸಿ ಹಾಕಿದರೆ ಆಗದೇ ಎಂದು ಕೇಳುವವರಿಗೆ: ಒಣಗಿಸುವಾಗ, ದಾಸ್ತಾನಿನಲ್ಲಿ ಎರ್ಗೋವ್ಯಾಲಿನ್ ಒಂದಿಷ್ಟು ಇಳಿಯುತ್ತದೆ, ಪೂರ್ತಿ ಹೋಗುವುದಿಲ್ಲ. ಲೋಲಿಟ್ರೆಂ ಬಿ ಒಣಹುಲ್ಲಿನಲ್ಲೂ ಗಟ್ಟಿಯಾಗಿ ಉಳಿಯುತ್ತದೆ. ಒರೆಗಾನಿನ ಬೀಜದ ಹೊಲಗಳ ಒಣಹುಲ್ಲು ಜಪಾನಿಗೆ ಹೋಗಿ ಅಲ್ಲಿನ ದನಗಳಿಗೆ ತೊಂದರೆಯಾದದ್ದು ಹೀಗೆಯೇ. ಸೈಲೇಜ್ (ಗಾಳಿಯಾಡದಂತೆ ಹುಳಿಯಿಸಿದ ರಸಮೇವು) ಮಾಡಿದರೂ ದೊಡ್ಡ ವ್ಯತ್ಯಾಸವಿಲ್ಲ. ಇನ್ನು ಬಿಟ್ಟು ಮೇಯಿಸುವುದಾದರೆ ಬುಡದವರೆಗೆ ಬೋಳಿಸಿ ತಿನ್ನಲು ಬಿಡುವುದೇ ಅತ್ಯಂತ ಕೆಟ್ಟದ್ದು. ವಿಷದ ದಾಸ್ತಾನು ಅಲ್ಲೇ ಇರುವುದು.

ಮಕ್ಕಂದೂರು_ತೋಟ

ಎಲ್ಲರಿಗೂ ಧನ್ಯವಾದ. ಒಂದೇ ಒಂದು ಉಳಿದಿದೆ. ಎರಡು ವರ್ಷ ಹಳೆಯ, ಅರ್ಧ ಉಳಿದ ಬೀಜದ ಚೀಲವನ್ನು ಕೋಳಿಗೆ ಹಾಕಬಹುದೇ? ಹಳೆಯದಾದರೆ ಶಿಲೀಂಧ್ರ ಸಾಯುತ್ತದೆ ಎನ್ನುತ್ತಾರೆ.

ಸೂಕ್ಷ್ಮದರ್ಶಕ

ಸಾಯುವುದು ನಿಜ. ಮಾಮೂಲಿ ಶಾಖದಲ್ಲಿ, ತೇವದಲ್ಲಿ ಇಟ್ಟರೆ ಒಂದರಿಂದ ಒಂದೂವರೆ ವರ್ಷದಲ್ಲಿ ಬೀಜದೊಳಗಿನ ಶಿಲೀಂಧ್ರ ಬಹುಪಾಲು ಸತ್ತಿರುತ್ತದೆ, ಆ ಬೀಜ ಬಿತ್ತಿದರೆ ಹುಟ್ಟುವ ಹುಲ್ಲಿನಲ್ಲಿ ಅದು ಇರುವುದಿಲ್ಲ. ಆದರೆ ಬದುಕಿದ್ದಾಗ ಅದು ಕಾಳಿನಲ್ಲಿ ತುಂಬಿಟ್ಟ ಆಲ್ಕಲಾಯ್ಡ್ ಅಲ್ಲೇ ಇರುತ್ತದೆ, ಗಿಡದ ಬೇರೆಲ್ಲ ಭಾಗಕ್ಕಿಂತ ಕಾಳಿನಲ್ಲೇ ಎರ್ಗೋವ್ಯಾಲಿನ್ ಹೆಚ್ಚು. ಅದರ ಮೇಲೆ ಲಾನ್ ಬೀಜಕ್ಕೆ ಹಸಿರು, ನೀಲಿ ಬಣ್ಣದ ಔಷಧಿ ಲೇಪನವೂ ಇರಬಹುದು. ಕೋಳಿಗೂ ಬೇಡ, ಹಸುವಿನ ಹಿಂಡಿಗೂ ಬೇಡ. ಆಳವಾಗಿ ಹೂತುಬಿಡಿ.